ಮೂಸಿದ ಹೂವು

ಆ ಜ್ವರ ಬಂದು ಹೋದ ಮೇಲೆ ನನ್ನ ಮೂಗು ಸತ್ತೇ ಹೋಯಿತು. ಬಂಗುಡೆ ಸಾರು ಕುದಿದರೂ ಗೊತ್ತಾಗುವುದಿಲ್ಲ, ಗಂಜಿ ತಳ ಹಿಡಿದರೂ ಗೊತ್ತಾಗುವುದಿಲ್ಲ. ಗಾಢ ಪರಿಮಳದ್ದು ಏನಾದರೂ ಬೆಳಿಗ್ಗೆ ಸಂಜೆ ಮೂಸುತ್ತಿರಿ, ವಾಸನೆ ತಿರುಗಿ ಬಂದರೂ ಬಂದೀತು ಎಂದರು ಡಾಕ್ಟರು. ಮೂಗಿನ ತುದಿಯ ಕೋಪ ಮಾತ್ರ ನನ್ನನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ.

ಗಾಢ ಪರಿಮಳವೆಂದರೆ ನನಗೆ ಗಂಧರಾಜವೇ. ಕೊಕ್ಕರ್ಣೆಯ ತವರಿನಿಂದ ಒಂದು ಗೆಲ್ಲು ತಂದು ಮಳೆಗಾಲದಲ್ಲಿ ಕಂಪೌಂಡಿನ ಬದಿಗೆ ನೆಟ್ಟೆ. ನಮ್ಮದು ಸಾಸ್ತಾನದ ಹತ್ತಿರ, ಮರಳು ನೆಲ. ಗುಂಡಿ ತೋಡಿ ಕೆಮ್ಮಣ್ಣು, ಹಟ್ಟಿಗೊಬ್ಬರ ತುಂಬಿಸಿದೆ. ಎಲೆ ಹಳದಿಯಾದಾಗ ಹುಳಿ ಮಜ್ಜಿಗೆ ನೀರು ಮಾಡಿ ಬುಡಕ್ಕೆ ಹೊಯ್ದೆ. ಚಿಗುರಿಗೆ ಬಿಳಿ ಹುಳ ಹತ್ತಿದಾಗ ಸೋಪಿನ ನೀರಲ್ಲಿ ಒಂದೊಂದೇ ಎಲೆ ಒರೆಸಿದೆ. ಮೀನು ತೊಳೆದ ನೀರಂತೂ ದಿನಾ ಅದಕ್ಕೇ. ಮೂರನೇ ಬೇಸಿಗೆಗೆ ಗಿಡ ನನ್ನ ಭುಜದೆತ್ತರ ಬಂದು, ಮಡಚಿಟ್ಟ ಕೊಡೆಯಂತೆ ಸುರುಳಿ ಮೊಗ್ಗು ಬಿಟ್ಟಿತು.

ಅರಳಿದ್ದು ನಾನು ನೋಡಲಿಲ್ಲ. ಎದ್ದು ಹೋಗಿ ನೋಡಿದರೆ ಬರೀ ಎಲೆ. ಪಕ್ಕದ ಮನೆಯ ಅಕ್ಕ ಕತ್ತಲೆ ಬಿಡುವ ಮೊದಲೇ ಬುಟ್ಟಿ ಹಿಡಿದುಕೊಂಡು ಬಂದು, ಕಂಪೌಂಡಿನ ಆಚೆಯಿಂದಲೇ ಕೈ ಚಾಚಿ, ಅರೆಬಿರಿದದ್ದನ್ನೂ ಬಿಡದೆ ಕೊಯ್ದಿದ್ದರು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಮುಂಬಯಿಯಲ್ಲಿ ಗಂಡನ ಹೋಟೆಲು ಮುಚ್ಚಿ ಊರಿಗೆ ಬಂದು ನೆಲೆಸಿದವರು. ಅಂಗಳಕ್ಕೆಲ್ಲ ಇಂಟರ್‌ಲಾಕ್ ಇಟ್ಟಿಗೆ ಹಾಸಿ ಒಂದು ದಾಸವಾಳಕ್ಕೂ ಜಾಗ ಉಳಿಸಿರಲಿಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

"ಅಕ್ಕ, ಒಂದೆರಡಾರೂ ಗಿಡದಾಗೆ ಬಿಡಿ," ಎಂದೆ ಒಂದು ದಿನ.

"ವಾಸ್ನೆ ಬಾರದ್ ನಿಂಗೆ ಹೂಗ್ ಎಂತಕ್ಕೆ ಮಾರಾಯ್ತಿ? ದೇವ್ರಿಗಾರೂ ಆಯ್ಲಿ. ನಿಂಗೂ ಪುಣ್ಯ ಅಲ್ದಾ?"

ನಗುತ್ತಲೇ ಹೇಳಿದರು. ಆ ನಗುವಿಗೆ ನನ್ನ ಮೈ ಉರಿದುಹೋಯಿತು. ಕಂಪೌಂಡನ್ನು ಎತ್ತರಿಸಬಹುದಿತ್ತು, ಮುಳ್ಳುತಂತಿ ಎಳೆಯಬಹುದಿತ್ತು. ನನಗೆ ಅಷ್ಟು ಸಾಲದು. ಅವರಿಗೆ ನೋಯಬೇಕು, ದೇವರ ಕೋಣೆಯ ಒಳಗೇ ನೋಯಬೇಕು.

ಮೂಸಿದ ಹೂವು ದೇವರಿಗೆ ಸಲ್ಲುವುದಿಲ್ಲವಲ್ಲ! ಮರುದಿನದಿಂದ ಅವರಿಗಿಂತ ಮೊದಲೇ ಎದ್ದೆ. ಗಿಡದ ಮುಂದೆ ಬಗ್ಗಿ, ಒಂದು ಹೂವನ್ನೂ ಬಿಡದೆ ಮೂಗಿಗೆ ಒತ್ತಿ ಒತ್ತಿ ಮೂಸಿದೆ. ವಾಸನೆ ಬರಲಿ ಎಂದಲ್ಲ, ಹೊಟ್ಟೆ ತಣ್ಣಗಾಗಲಿ ಎಂದು. ಆಮೇಲೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಅವರು ಕೊಯ್ಯುವುದನ್ನು ನೋಡುತ್ತಾ ಚಾ ಕುಡಿಯುತ್ತಿದ್ದೆ. ಅಂಥ ರುಚಿಯ ಚಾ ಜ್ವರ ಬಂದ ಮೇಲೆ ಕುಡಿದೇ ಇರಲಿಲ್ಲ. ಆಚೆಯಿಂದ ಗಂಟೆಯ ಸದ್ದು ಕೇಳಿದಾಗಲೆಲ್ಲ ಒಳಗೊಳಗೇ ನಗು.

ಆದರೆ ಅವರಿಗೆ ಗೊತ್ತಾಗದ ಸೇಡು ಎಂಥ ಸೇಡು? ಒಂದು ಶುಕ್ರವಾರ ಬುಟ್ಟಿ ತುಂಬುವ ತನಕ ಕಾದು ಹೊರಗೆ ಬಂದೆ.

"ಅಕ್ಕ, ಅದೆಲ್ಲ ನಾನ್ ಮೂಸ್ದ್ ಹೂಗ್. ಇವತ್ತಿನದ್ ಮಾತ್ರ ಅಲ್ಲ, ಇಷ್ಟ್ ದಿನದ್ದೂ."

ಅವರ ಕೈ ನಿಂತಿತು. ಮುಖ ಬಿಳಿಚಿತು. ಇದಕ್ಕಾಗಿಯೇ ನಾನು ನಿದ್ದೆಗೆಟ್ಟಿದ್ದು. ಆದರೆ ಅವರು ಮುಂಬಯಿ ನೀರು ಕುಡಿದವರು, ಒಂದು ಗಳಿಗೆಯಲ್ಲಿ ಸುಧಾರಿಸಿಕೊಂಡರು.

"ನಿಂಗೆ ವಾಸ್ನೆಯೇ ಬತ್ತಿಲ್ಲೆ ಅಲ್ದಾ? ವಾಸ್ನೆ ತಕಂಬುಕಾಗ್ದೆ ಇದ್ರೆ ಅದ್ ಮೂಸ್ದಾಂಗ್ ಆತ್ತಾ?"

ಬಗ್ಗಿ ಇನ್ನೊಂದು ಗೆಲ್ಲಿಗೆ ಕೈ ಹಾಕಿದರು. ಮೀನು ತೊಳೆದ ನೀರಲ್ಲಿ ಬೆಳೆದದ್ದೂ ಇವರ ದೇವರಿಗೆ ಆಗುತ್ತದೆ, ನನ್ನ ಮೂಗು ತಾಗಿದ್ದೂ ಆಗುತ್ತದೆ, ಏಕೆಂದರೆ ನನ್ನದು ಮೂಗೇ ಅಲ್ಲ! ಕತ್ತು ಹಿಚುಕಬೇಕು ಅನ್ನಿಸಿತು. ಬದಲಿಗೆ ಒಂದು ಹೂವು ಕಿತ್ತು ಅವರ ಎದುರೇ ಮೂಗಿಗೆ ಹಿಡಿದು ಜೋರಾಗಿ ಉಸಿರೆಳೆದೆ.

"ಈಗ ಬತ್ತಿತ್ತ್ ಅಕ್ಕ," ಎಂದೆ. "ವಾಸ್ನೆ ಬತ್ತಿತ್ತ್!"

"ಸುಳ್ಳ್."

"ದೇವ್ರಾಣೆ."

"ಹೌದಾ? ಹೆಂಗಿತ್ತ್ ಹೇಳ್ ಕಾಂಬ."

ಹೇಳಲು ಬಾಯಿ ತೆರೆದೆ. ಚಿಕ್ಕಂದಿನಿಂದ ಮುಡಿದ ಹೂವು. ಅದರ ಪರಿಮಳ ಹೇಗಿತ್ತು ಎಂಬುದೇ ನನಗೆ ಮರೆತುಹೋಗಿತ್ತು. ತಡಕಾಡಿದೆ, ಏನೂ ಸಿಗಲಿಲ್ಲ.

"ಮೊದ್ಲಿನ ಹಾಂಗೇ ಇತ್ತ್," ಎಂದೆ.

ಅವರು ನನ್ನ ಮುಖ ನೋಡಿದರು, ಬುಟ್ಟಿ ನೋಡಿದರು. ಕೊನೆಗೆ ಅಷ್ಟೂ ಹೂವನ್ನು ಕಂಪೌಂಡಿನ ಮೇಲಿಂದ ನಮ್ಮ ತೆಂಗಿನ ಬುಡಕ್ಕೆ ಸುರಿದರು. ನಾನು ಗೆದ್ದಿದ್ದೆ. ಅವರಿನ್ನೂ ಅಲ್ಲೇ ನಿಂತು ನನ್ನನ್ನೇ ನೋಡುತ್ತಿದ್ದರು. ಅದಕ್ಕೇ ಆ ಹೂವನ್ನು ಮತ್ತೊಮ್ಮೆ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಆಹಾ ಎಂದು ನಕ್ಕೆ.