ಖಾಲಿ ಸ್ಟೂಲಿನ ಹೂಂ

ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಗಂಗಾಂಬಿಕಾ ಟೈಪಿಂಗ್ ಅಂಗಡಿ ಇಟ್ಟು ಹದಿನೆಂಟು ವರ್ಷವಾಗಿತ್ತು. ಕರಾರುಪತ್ರ, ಕೂಡ್ಲಿಗಿ ಕೋರ್ಟಿನ ಅಫಿಡವಿಟ್, ಮದುವೆ ಹುಡುಗನ ಬಯೋಡೇಟಾ, ಏನೇ ಇರಲಿ, ಟೈಪ್ ಮಾಡಿದ ಹಾಳೆಯನ್ನು ಗಟ್ಟಿಯಾಗಿ ಓದುವವಳು ಅವಳು. ಪಕ್ಕದ ಸ್ಟೂಲಿನ ಮೇಲೆ ಕರಡು ಹಿಡಿದು ಕೂತು, ಸಾಲು ಸರಿಯಿದ್ದರೆ "ಹೂಂ" ಎನ್ನುವವನು ಅವಳ ಗಂಡ ಶಿವಯೋಗಿ. ಆ ಹೂಂ ಬೀಳದೆ ಮುಂದಿನ ಸಾಲಿಗೆ ಹೋಗುವ ಮಾತೇ ಇರಲಿಲ್ಲ. ಶಿವಯೋಗಿಯೋ ಸಾವಧಾನದ ಆಸಾಮಿ. ಸಾಲು ಮುಗಿದು, ಅವಳು ಕನ್ನಡಕ ಸರಿಮಾಡಿಕೊಂಡು, ಇವನಿಗೆ ನಿದ್ದೆ ಹತ್ತಿತೇನೋ ಎಂದು ತಿರುಗಿ ನೋಡುವ ಹೊತ್ತಿಗೆ ಹೂಂ ಬರುತ್ತಿತ್ತು.

ತೊಂಬತ್ತೇಳನೆಯ ಇಸವಿಯಲ್ಲಿ ಎದೆನೋವೆಂದು ಮಲಗಿದವನು ಏಳಲಿಲ್ಲ. ಗಂಗಾಂಬಿಕಾ ಅಳಲಿಲ್ಲ. ಓಣಿಯವರು ಅದಕ್ಕೂ ಒಂದು ಮಾತು ಆಡಿದರು, ಆಡಲಿ. ಹದಿನೈದು ದಿನಕ್ಕೆ ಅಂಗಡಿ ತೆರೆದಳು. ಗಟ್ಟಿಯಾಗಿ ಓದುವುದನ್ನು ಮಾತ್ರ ಬಿಟ್ಟಳು. ಸ್ಟೂಲನ್ನು ತೆಗೆಯಲಿಲ್ಲ, ಯಾರನ್ನೂ ಅದರ ಮೇಲೆ ಕೂರಿಸಲೂ ಇಲ್ಲ.

ಎರಡು ವರ್ಷದ ಮೇಲೆ ಉಜ್ಜಿನಿಯ ನಿವೃತ್ತ ಮೇಷ್ಟ್ರು ಪಂಚಾಕ್ಷರಪ್ಪ ಟೈಪ್ ಮಾಡಿಸಲು ನಾಲ್ಕು ಕ್ಯಾಸೆಟ್ ತಂದರು. ಕುರಿಗಾರರ ಬದುಕನ್ನು ತಿಳಿಯಲು ಬಂದಿದ್ದ ಪರದೇಶದ ಹೆಂಗಸೊಬ್ಬಳು ಮೇಷ್ಟ್ರೊಡನೆ ಇಂಗ್ಲಿಷಿನಲ್ಲಿ ಆಡಿದ ಮಾತುಕತೆ ಅವುಗಳಲ್ಲಿತ್ತು.

"ಒಂದ್ ಸದ್ದೂ ಬಿಡಬಾರ್ದಂತ ನೋಡವ್ವ. ಕೆಮ್ಮಿದ್ದೂ ಬರೀಬೇಕು, ಹೂಂಗುಟ್ಟಿದ್ದೂ ಬರೀಬೇಕು" ಎಂದು ಮೇಷ್ಟ್ರು, ಆಕೆ ಬರೆದುಕೊಟ್ಟ ಚೀಟಿಯನ್ನು ಕೈಗಿಟ್ಟರು.

ಚೀಟಿ ನೋಡಿ ಅವಳಿಗೆ ನಗು ಬಂತು. ಗಂಟಲಲ್ಲೇ ಮುಗಿದುಹೋಗುವ ಸದ್ದುಗಳಿಗೂ ಇಂಗ್ಲಿಷಿನವರು ಸ್ಪೆಲ್ಲಿಂಗ್ ಕಟ್ಟಿದ್ದರು. ಯು, ಎಚ್, ಒಂದು ಅಡ್ಡಗೆರೆ, ಆಮೇಲೆ ಎಚ್, ಯು, ಎಚ್ ಎಂದರೆ ನಮ್ಮ ಹೂಂ. ಗೆರೆ ದಾಟಿದ ಕೂಡಲೇ ಬರುವ ಎಚ್ ಒಂದನ್ನು ಬಿಟ್ಟರೆ ನಮ್ಮ ಉಹುಂ. ಎಚ್ ಮುಂದೆ ಎರಡು ಎಂ ಇಟ್ಟರೆ ಯೋಚನೆ. ಇಂಥವನ್ನು ಕಣ್ಣಲ್ಲಿ ಓದಿದರೆ ಏನೂ ತಿಳಿಯದು. ಬಾಯಲ್ಲಿ ಅಂದು ನೋಡಬೇಕು.

ಹಾಗಾಗಿ ಎರಡು ವರ್ಷದ ಮೇಲೆ ಅವಳು ಮತ್ತೆ ಗಟ್ಟಿಯಾಗಿ ಓದಿದಳು. ಮಟಮಟ ಮಧ್ಯಾಹ್ನ. ಕರೆಂಟ್ ಹೋಗಿ ಟೇಪ್‌ರೆಕಾರ್ಡರ್ ಸುಮ್ಮನೆ ಬಿದ್ದಿತ್ತು. ಟೈಪ್ ಮಾಡಿದ ಹಾಳೆಯ ಮೊದಲ ಸಾಲು ಮುಗಿಸಿದಳು.

"ಹೂಂ."

ಸದ್ದು ಸ್ಟೂಲಿನ ಕಡೆಯಿಂದ ಬಂತು. ಗಂಗಾಂಬಿಕಾ ಹೆದರುತ್ತಲೇ ತಿರುಗಿದಳು, ಸ್ಟೂಲಿನ ಮೇಲೆ ಮೊನ್ನೆಯ ಧೂಳು ಹಾಗೇ ಇತ್ತು. ಎರಡನೆಯ ಸಾಲು ಓದಿದಳು. ಮತ್ತೆ ಹೂಂ. ಹೆದರಿಕೆ ಇಳಿದು, ಯಾರಿಗೂ ಹೇಳಿಕೊಳ್ಳಲಾಗದಷ್ಟು ಸಂತೋಷವಾಯಿತು. ಬಾಗಿಲು ಮುಂದೆ ಮಾಡಿಕೊಂಡು ಓದಿಯೇ ಓದಿದಳು. ಒಂದು ಕಡೆ ಸದ್ದು ಬರಲಿಲ್ಲ. ಹುಡುಕಿದರೆ ಆ ಸಾಲಿನಲ್ಲಿ ಒಂದು ಅಕ್ಷರ ತಪ್ಪಿತ್ತು.

ಆರು ದಿನ ಹೀಗೇ ನಡೆಯಿತು. ಎದುರಿನ ಹೋಟೆಲಿನಿಂದ ಎರಡೆರಡು ಲೋಟ ಚಹಾ ತರಿಸಿದಳು. ಹೋಟೆಲಿನ ಹುಲುಗಪ್ಪ, "ಯಾರ್ ಬಂದಾರವ್ವ?" ಎಂದು ಕೇಳಿದಾಗ "ನಮ್ಮನಿಯವರು" ಎನ್ನಹೋಗಿ ನಾಲಿಗೆ ಕಚ್ಚಿಕೊಂಡಳು.

ಏಳನೆಯ ದಿನ, ಕೊನೆಯ ಕ್ಯಾಸೆಟ್ಟಿನ ಹಾಳೆಗಳನ್ನು ಓದುವಾಗ, ಅವಳ ಗಮನ ಒಂದು ಸಂಗತಿಯ ಮೇಲೆ ಬಿತ್ತು. ಸಾಲು ಮುಗಿಯುವ ಮೊದಲೇ ಹೂಂ ಬರುತ್ತಿತ್ತು. ಬೇಕೆಂದೇ ಅರ್ಧ ಸಾಲು ಓದಿ ನಿಲ್ಲಿಸಿದಳು. ಓದದೆ ಉಳಿದ ಅರ್ಧಕ್ಕೂ ಸೇರಿಸಿ ಹೂಂ ಬಂತು. ಶಿವಯೋಗಿ ಜೀವಮಾನದಲ್ಲಿ ಒಮ್ಮೆಯೂ ಅವಸರ ಮಾಡಿದವನಲ್ಲ.

ಹಾಳೆಯನ್ನು ಕೆಳಗಿಟ್ಟಳು. ತಿರುಗಿ ನೋಡಲು ಧೈರ್ಯವಾಗಲಿಲ್ಲ.

"ಏನ್ರಿ, ನೀವ ಅದೀರೇನು?"

ಹೊರಗೆ ಹರಪನಹಳ್ಳಿ ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು. ಆಮೇಲೆ ಕಿವಿಯ ಹತ್ತಿರವೇ, ಮೆಲ್ಲಗೆ ಕೇಳಿತು.

"ಉಹುಂ."

ಗಂಗಾಂಬಿಕಾ ಕೂತಲ್ಲೇ ಕೂತಳು. ಓಡಬೇಕೆನಿಸಲಿಲ್ಲ. ಅಲ್ಲಿರುವುದು ಯಾವುದೋ ಎಂಬ ಹೆದರಿಕೆಗಿಂತ, ಅವನಲ್ಲ ಎಂಬ ಸಂಕಟವೇ ದೊಡ್ಡದಾಗಿತ್ತು. ಟೈಪ್‌ರೈಟರಿನ ಮೇಲೆ ತಲೆಯಿಟ್ಟು, ಎರಡು ವರ್ಷ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತಳು.

"ಹಂಗಾರ ಅವ್ರು ಹೋಗೇಬಿಟ್ಟಾರ" ಎಂದಳು, ತನಗೆ ತಾನೇ.

"ಹೂಂ" ಎಂದಿತು ಸ್ಟೂಲಿನ ಕಡೆಯ ದನಿ. ಈ ಸಲ ಅದು ಅವಸರ ಮಾಡಲಿಲ್ಲ. ಅವಳ ಮಾತು ಪೂರ್ತಿ ಮುಗಿಯುವವರೆಗೆ ಕಾದಿತ್ತು.