ಅಜ್ಜಿ ಕೈ ಮುರಿದ ಎಮ್ಮಿ

ನಾ ಈಗ ಹೇಳೋದನ್ನ ನೀವು ನಂಬಂಗಿಲ್ಲ. ನಮ್ಮ ಗಲ್ಲ್ಯಾಗಂತೂ ನಾ "ಇವತ್ತು ಐತವಾರ" ಅಂದ್ರೂ ಮಂದಿ ಒಳಗ ಹೋಗಿ ಕ್ಯಾಲೆಂಡರ್ ನೋಡಿ ಬರ್ತಾರ. ಅಂಥಾ ಹೆಸರು ಮಾಡೀನಿ. ಇಲಿ ಕಂಡ್ರ ಬೆಕ್ಕಿನಷ್ಟಿತ್ತು ಅಂತೀನಿ, ಬೆಕ್ಕು ಕಂಡ್ರ ಅದರ ಮ್ಯಾಲೆ ಇಬ್ರು ಕುಂತು ಹೋಗಬಹುದಿತ್ತು ಅಂತೀನಿ. ಅದಕ್ಕ ಈ ಸಲ ಮೊದಲಾ ಹೇಳಿಬಿಡ್ತೀನಿ. ನಿಮಗ ನಗಿ ಬಂದ ಕಡೆ ನಾ ಒಂದೀಟು ಎಳದಿರಬಹುದು. ನಾಚ್ಕಿ ಬರೋ ಕಡೆ ಎಳದಿಲ್ಲ. ಅದು ಇದ್ದಷ್ಟಾ ಭಾಳ ಐತಿ.

ನಮ್ಮ ಮನಿ ಹೈದರಾಬಾದಿನ ಸುಲ್ತಾನ್ ಬಜಾರ್ ಹಿಂದಿನ ಗಲ್ಲ್ಯಾಗ. ಅಪ್ಪ ಬಾಲಾನಗರದಾಗ ಒಂದು ಕಾರ್ಖಾನಿಯೊಳಗ ಇನ್‌ಸ್ಪೆಕ್ಟರ್. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ರಿ, ಲೇಥ್ ಮಷೀನಿನಿಂದ ಬಂದ ಸಾಮಾನು ಅಳತಿ ಮಾಡಿ, ಕೂದಲೆಳಿಯಷ್ಟು ಹೆಚ್ಚುಕಡಿಮಿ ಆದ್ರೂ ವಾಪಸ್ ಕಳಸೋ ಇನ್‌ಸ್ಪೆಕ್ಟರ್. ಅಂಥಾವನ ಹೊಟ್ಟ್ಯಾಗ ನನ್ನಂಥಾವ ಹೆಂಗ ಹುಟ್ಟಿದ ಅನ್ನೋದು ನಮ್ಮ ಬೀಗರೆಲ್ಲಾರ ಪ್ರಶ್ನಿ.

ಹೋದ ವರ್ಷದ ಮಾತು. ನಂಗ ಹದಿನೆಂಟು ತುಂಬಿ, ಲೈಸೆನ್ಸ್ ಕೈಗೆ ಬಂದು ಎಂಟು ದಿನ ಆಗಿತ್ತು. ಆ ಎಂಟು ದಿನದಾಗ ಲೈಸೆನ್ಸ್ ನೋಡದ ಉಳದಾವ್ರು ಅಂದ್ರ ನಮ್ಮ ಗಲ್ಲಿ ನಾಯಿ ಅಷ್ಟಾ. ಐತವಾರ ಅಪ್ಪಗ ಓವರ್‌ಟೈಮ್ ಡ್ಯೂಟಿ ಬಿತ್ತು. ಅವ್ವ ಶನಿವಾರಾನಾ ಹೇಳಿದ್ಲು: "ನಾಳೆ ಹನ್ನೊಂದಕ್ಕ ಅಜ್ಜಿ ರಾಯಚೂರಿಂದ ಕಾಚಿಗೂಡಕ್ಕ ಇಳೀತಾಳ. ಅಪ್ಪನ ಸ್ಕೂಟರ್ ತಗೊಂಡು ಹೋಗಿ ಕರ್ಕೊಂಡ್ ಬಾ. ಮೆಲ್ಲಕ ಹೊಡಿ."

"ಮೆಲ್ಲಕ ಹೊಡ್ಯಾಕ ಲೈಸೆನ್ಸ್ ಯಾಕ ಬೇಕಬೇ?" ಅಂದೆ. ಅವ್ವ ಲಟ್ಟಣಿಗಿ ಎತ್ತಿದ್ಲು. ಮಾತು ಮುಗೀತು.

ಐತವಾರ ಮುಂಜಾನೆ ನನ್ನ ಕಾಲೇಜ್ ದೋಸ್ತ ಬೈಕ್ ತಗೊಂಡು ಬಂದ. ಊರ ಹೊರಗ ತಾಳಿಗಿಡದ ತೋಪು ಐತಿ, ಅಲ್ಲಿ ಹೋಗಿ ನೀರಾ ಕುಡಿಯೋಣು ಅಂದ. ನೀರಾ ಅಂದ್ರ ಗಿಡದಿಂದ ಆಗಷ್ಟಾ ಇಳಿಸಿದ ಸಿಹಿ ನೀರು, ಅಮಲು ಇರಂಗಿಲ್ಲ. ಅದು ಹುಳಿ ಬಂತಂದ್ರ ಅಮಲಿನ ಕಳ್ಳು, ನಮ್ಮ ಕಡೆ ಶೇಂದಿ ಅಂತಾರ. ನಾವು ಮುಟ್ಟೋದ್ರಾಗ ಒಂಬತ್ತೂವರಿ. ಬಿಸಲು ಚುರ್ ಅನ್ನಾಕತ್ತಿತ್ತು. ಗಿಡ ಇಳದು ಬಂದ ಮುದುಕ ನಮ್ಮ ಮಾರಿ ನೋಡಿ ತೆಲುಗಿನಾಗ ಹೇಳಿದ: "ನೀರಾ ಬೇಕಾದ್ರ ಸೂರ್ಯ ಹುಟ್ಟೂಕಿಂತ ಮೊದಲ ಬರಬೇಕಿತ್ತು ಮಕ್ಕಳ್ರ್ಯಾ. ಈಗಿಂದು ಕಳ್ಳು."

ದೋಸ್ತ ನನ್ನ ಕಿವ್ಯಾಗ, "ಗಿಡದ ನೀರಲೇ, ವಿಟಮಿನ್. ಬಾಟ್ಲಿ ಅಲ್ಲ, ಸೀಲ್ ಇಲ್ಲ, ಇದು ಶರಾಬ್ ಹೆಂಗಾಗ್ತದ?" ಅಂದ.

ನಮ್ಮ ರಾಯಚೂರ ಕಡೆ ಹಿರ್ಯಾರೂ ಹಂಗಾ ಅಂತಾರ, ಶೇಂದಿ ಹೊಟ್ಟಿಗೆ ತಂಪು ಅಂತ. ನಂಗ ಇಷ್ಟಾ ಸಾಕಾತು. ಮುದುಕನ ಮಾತು ಕೇಳಸ್ಲಿಲ್ಲ ಅಂತ ಆಮ್ಯಾಲೆ ಒಬ್ಬರ ಮುಂದ ಹೇಳಿದ್ದೆ. ಸುಳ್ಳು. ಸ್ವಚ್ಛ ಕೇಳಿಸಿತ್ತು. ಹನ್ನೊಂದಕ್ಕ ಅಜ್ಜಿ ಬರ್ತಾಳ ಅನ್ನೋದೂ ಗೊತ್ತಿತ್ತು. ಎಲಿ ಮಡಚಿ ಅದರಾಗ ಹಾಕ್ಕೊಡ್ತಾರ, ಅದನ್ನ ಎರಡೂ ಕೈಲೆ ಹಿಡ್ಕೊಂಡು ಬಗ್ಗಿ ಕುಡೀಬೇಕು. ಕಾಲೇಜಿನಾಗ ನಾ ಹನ್ನೊಂದು ಎಲಿ ಕುಡದೆ ಅಂತ ಹೇಳೀನಿ. ಕುಡದಿದ್ದು ನಾಕು. ನಾಲ್ಕನೇದು ಅರ್ಧ ಅಂಗಿ ಮ್ಯಾಲೆ.

ದೋಸ್ತ ನನ್ನ ಮನಿ ಮುಂದ ಇಳಿಸಿ ಹೋದ. ನಾ ಅಂಗಿ ಬದಲಿ ಮಾಡಿ, ಒಂದು ಏಲಕ್ಕಿ ಕಡಕೊಂಡು, ಅಪ್ಪನ ಸ್ಕೂಟರ್ ತಗದೆ. ಖರೇ ಹೇಳ್ತೀನಿ, ನಾ ತೇಲ್ಯಾಡಾಕತ್ತೀನಿ ಅಂತ ಅನಸ್ಲೇ ಇಲ್ಲ. ಅನಿಸಿದ್ದೇನಂದ್ರ, ಇಡೀ ಹೈದರಾಬಾದಿನಾಗ ನನ್ನಷ್ಟು ಚಂದ ಗಾಡಿ ಹೊಡ್ಯಾಂವ ಇನ್ನೊಬ್ಬ ಇಲ್ಲ ಅಂತ.

ಅಜ್ಜಿ ಕಾಚಿಗೂಡ ಸ್ಟೇಷನ್ ಹೊರಗ ಚೀಲ ತಬ್ಬಿಕೊಂಡು ನಿಂತಿದ್ಲು. ನಾ ಕಾಲಿಗೆ ಬಿದ್ದು ಎದ್ದೆ. ಏಳೂವಾಗ ಒಂದೀಟು ತಡ ಆತು.

"ಬಾಯಾಗೇನೋ ಅದು ವಾಸನಿ?" ಅಂದ್ಲು.

"ದೋಸಿ ಹಿಟ್ಟಬೇ. ಅವ್ವ ರುಬ್ಬಿದ್ಲು, ರುಚಿ ನೋಡಿದೆ."

ಅಜ್ಜಿ ಒಂದು ಗಳಿಗಿ ನನ್ನ ಮಾರಿ ನೋಡಿ, ಸೀರಿ ಸರಿ ಮಾಡ್ಕೊಂಡು, ಹಿಂದ ಒಂದಾ ಬದಿಗೆ ಕಾಲು ಬಿಟ್ಟು ಕುಂತ್ಲು. ಒಂದು ಕೈ ನನ್ನ ಹೆಗಲ ಮ್ಯಾಲೆ ಇಟ್ಲು.

ಮುಂದ ಏನಾತು ಅಂದ್ರ, ಏನೂ ಆಗಲಿಲ್ಲ. ನಾಚ್ಕಿ ಅದಾ. ರಸ್ತಿ ಖಾಲಿ ಇತ್ತು. ಅಡ್ಡ ಯಾರೂ ಬರಲಿಲ್ಲ. ನಾ "ಅಜ್ಜಿ, ನೋಡಿಲ್ಲಿ, ಹೆಂಗ ಹೊಳ್ಳಸ್ತೀನಿ" ಅಂತ ಹಿಂದ ತಿರುಗಿ ನೋಡಿದೆ. ಮುಂದ ಡಿವೈಡರ್ ಇತ್ತು. ಕರಿ ಹಳದಿ ಬಣ್ಣ ಹಚ್ಚಿಸ್ಕೊಂಡು, ಕಂಡ ಕಂಡಾವ್ರಿಗೆಲ್ಲಾ ನಾ ಇಲ್ಲಿದ್ದೀನಿ ಅಂತ ಹೇಳ್ಕೋತ ಎಷ್ಟೋ ವರ್ಷದಿಂದ ಅಲ್ಲೇ ಬಿದ್ದಿತ್ತು ಅದು. ಗಾಡಿ ಅದಕ್ಕ ಹೋಗಿ ತಿಕ್ಕಿತು. ನಂಗ ಮೊಣಕಾಲು ಕೆತ್ತಿತು. ಅಜ್ಜಿ ಬಲಗೈ ಊರಿ ಬಿದ್ಲು. ಬಳಿ ಒಡದ ಸಪ್ಪಳ ಕೇಳಿಸ್ತು. ಅಜ್ಜಿ ಬಾಯಿ ತೆರದು ಉಸರು ಹುಡುಕಾಕತ್ತಿದ್ಲು.

ಹಿಂದ ಬರೋ ಆಟೋದಾಂವ ನಿಲ್ಲಿಸಿ ಓಡಿ ಬಂದ. ನಲವತ್ತರ ಮನಷ್ಯಾ. ಅಜ್ಜಿ "ಯಪ್ಪಾ" ಅಂದಿದ್ದು ಕೇಳಿ, "ಯವ್ವಾ, ಕನ್ನಡದಾವ್ರೇನ್ರಿ? ನಾ ಯಾದಗಿರಿ ಕಡಿಯಾಂವರಿ, ಅಂಜಬ್ಯಾಡ್ರಿ" ಅಂದ. ಅಜ್ಜಿನ್ನ ಕೂಸಿನಂಗ ಎತ್ತಿ ಆಟೋದಾಗ ಕುಂದರ್ಸಿದ. ನಾ ಸ್ಕೂಟರ್ ಎತ್ತಾಕ ಹೋದ್ರ ಹತ್ರ ಬಂದು ಕೀಲಿ ಕಿತ್ಕೊಂಡ. ಮೂಗು ಅರಳಿಸಿದ.

"ತಮ್ಮಾ, ನೀ ಗಾಡಿ ಮುಟ್ಟಬ್ಯಾಡ. ಅವ್ವನ ಬಾಜೂಕ ಕುಂದ್ರು."

ಗಾಡಿ ಒಂದು ಪಾನ್ ಡಬ್ಬಿ ಮುಂದ ಹಚ್ಚಿಟ್ಟು, ದವಾಖಾನಿ ಮಟ ಕರ್ಕೊಂಡು ಹೋದ. ಎಕ್ಸ್‌ರೇ ತಗ್ಯೋ ತನಕ ಕುಂತ. ಮಣಿಕಟ್ಟು ಎರಡು ಕಡೆ ಮುರದಿತ್ತು. ನಾ ಅವ್ವಗ ಫೋನ್ ಹಚ್ಚಿದೆ. ಆಕಿ ಬರೂ ಹೊತ್ತಿಗೆ ಅಂವಾ ನನ್ನ ಹೊರಗ ಕರದು ಕೀಲಿ ಕೊಟ್ಟ.

"ಮನ್ಯಾಗ ನಾ ಏನೂ ಹೇಳಂಗಿಲ್ಲ. ನೀನಾ ಹೇಳು. ಹೇಳ್ತೀಯಿಲ್ಲ?"

"ಹೇಳ್ತೀನ್ರಿ ಅಣ್ಣಾ" ಅಂದೆ. ಹೋದ.

ಅವ್ವ ಬಂದು "ಹೆಂಗಾತೋ?" ಅಂದ್ಲು. ನಾ "ನಾಯಿ ಅಡ್ಡ ಬಂತಬೇ" ಅಂದೆ. ಇಷ್ಟಾ. ಒಂದು ನಾಯಿ. ಅಲ್ಲಿಗೆ ಬಿಟ್ಟಿದ್ರ ಪಾಪ ಒಂದಾ ಆಗ್ತಿತ್ತು.

ಆದ್ರ ನಮ್ಮ ಮಂದ್ಯಾಗ ಯಾರಾದ್ರೂ ಬಿದ್ದು ಕೈಕಾಲು ಮುರಕೊಂಡ್ರ ಮಾತಾಡ್ಸಾಕ ಬರೋ ರೂಢಿ ಐತಿ. ಕೈಯಾಗ ಬಾಳಿಹಣ್ಣು, ಬ್ರೆಡ್. ಬಂದಾವ್ರು ಕುಂತ ಕೂಡಲೇ ಕೇಳೋ ಮೊದಲನೇ ಮಾತು "ಹೆಂಗಾತ್ರಿ?" ಹೈದರಾಬಾದಿನಾಗಿರೋ ನಮ್ಮ ಕನ್ನಡದ ಮಂದಿ ಎಲ್ಲಾ ಬಂದ್ರು. ಅಜ್ಜಿ ಮಾತಾಡಂಗಿರಲಿಲ್ಲ. ಹೇಳಾಂವ ನಾನಾ. ಇಂಥಾ ಸ್ಟೇಜ್ ನಂಗ ಜನ್ಮದಾಗ ಸಿಕ್ಕಿರಲಿಲ್ಲ.

ಐತವಾರ ಸಂಜಿಕ ನಾಯಿ ಇತ್ತು. ಸೋಮವಾರ ಮುಂಜಾನೆ ಅದು ಎಮ್ಮಿ ಆತು. "ಎಮ್ಮಿ ಅಂದ್ರ ಏನ್ರಿ ಅತ್ತಿ, ಆರ್‌ಟಿಸಿ ಬಸ್ಸಿನಷ್ಟು! ನಾ ಹಾರ್ನ್ ಹೊಡದ್ರ ನನ್ನ ಕಡೆ ಹೊಳ್ಳಿ, ಲೈಸೆನ್ಸ್ ತೋರ್ಸು ಅನ್ನೋಹಂಗ ನೋಡ್ತು." ಮಂದಿ ಹೊಟ್ಟಿ ಹಿಡ್ಕೊಂಡು ನಕ್ಕರು. ಬ್ರೆಡ್ ತಂದಾಕಿ ಎರಡನೇ ಸಲ ಹೇಳಿಸಿದ್ಲು. ಅಜ್ಜಿ ಪಟ್ಟಿ ಕಟ್ಟಿದ ಕೈ ದಿಂಬಿನ ಮ್ಯಾಲೆ ಇಟ್ಕೊಂಡು ಗ್ವಾಡಿ ನೋಡ್ತಿದ್ಲು.

ಮಧ್ಯಾಹ್ನ ಮ್ಯಾಲಿನ ಮನಿ ಕಾಕು ಬಂದ್ಲು. ಆಕಿ ಎಮ್ಮಿ ಕಥಿ ಆಗಲೇ ಕೇಳಿದ್ಲು, ನಗಲಿಲ್ಲ. ನಗಸಲೇಬೇಕಲ್ಲ? ಎಮ್ಮಿ ಹಿಂದ ಒಂದು ಆಟೋ ಹಾಕಿದೆ. "ಡ್ರೈವರ್ ಕನ್ನಡಿ ನೋಡಿ ಕ್ರಾಪ್ ತಿದ್ದಾಕತ್ತಾನ್ರಿ ಕಾಕು, ಕಿವಿಗೆ ಫೋನು, ಗುಟ್ಕಾ ಹಾಕ್ಕೊಂಡು ಬಾಯಿ ಇಷ್ಟು ಉಬ್ಬೇತಿ, ಹಂಗಾ ಬಂದು ಗುದ್ದಿದ!" ಆಕಿ ನಗಾಕ ಶುರು ಮಾಡಿದ್ಲು. ನಾ ನಿಲ್ಲಲಿಲ್ಲ. ಕಡೀ ಮಾತಿಗೆ ಬಾಯಿಗೆ ಬಂದದ್ದು ಆ ಯಾದಗಿರಿ ಕಡಿಯಾಂವನ ಖರೇ ಆಟೋ. "ಹಿಂದ ಕನ್ನಡದಾಗ 'ತಾಯಿಯ ಆಶೀರ್ವಾದ' ಅಂತ ಬರಿಸ್ಯಾನ, ಮುಂದ ನಮ್ಮ ತಾಯಿನ್ನ ಕೆಡವ್ಯಾನ!"

ಕಾಕು ಕಣ್ಣೀರು ಬರೋ ಹಂಗ ನಕ್ಕಳು. ಸಂಜಿಕ ಅಪ್ಪ ಬಂದ ಮ್ಯಾಲೆ ಅದನ್ನ ಅವನಿಗೂ ಹೇಳಿದ್ಲು.

ಅಪ್ಪ ನಗಲಿಲ್ಲ. ನನ್ನ ಕರದ. "ನಾಯಿ ಅಂದಿ. ಎಮ್ಮಿ ಅಂದಿ. ಈಗ ಆಟೋ ಅಂತಿ. ಯಾವುದು ಖರೇ?"

ಖರೇ ಹೇಳಾಕ ಅಲ್ಲಿ ಬಾಗಿಲ ತೆರದಿತ್ತು ನೋಡ್ರಿ. ಹೋಗಲಿಲ್ಲ. "ಆಟೋ ಅಪ್ಪಾ. ನೀ ಜಗಳಕ್ಕ ಹೋಗ್ತಿ ಅಂತ ಮೊದಲ ಹೇಳ್ಲಿಲ್ಲ" ಅಂದೆ. ಅಷ್ಟು ಸಲೀಸಾಗಿ ಬಂತು, ನಂಗಾ ನಂಬಿಕಿ ಬಂತು.

ಅಪ್ಪ ಅಜ್ಜಿ ಕಡೆ ಹೊಳ್ಳಿದ. "ಹೌದೇನವ್ವಾ?"

ಅಜ್ಜಿ ನನ್ನ ನೋಡಿದ್ಲು. "ನಂಗೇನ್ ಕಾಣಸ್ಲಿಲ್ಲಪ್ಪಾ. ಸೆರಗು ಮಾರಿ ಮ್ಯಾಲೆ ಬಂದಿತ್ತು."

ಹೈದರಾಬಾದಿನಾಗ ಆಟೋ ಎಷ್ಟವ ಅಂತ ದೇವ್ರಿಗೂ ಗೊತ್ತಿಲ್ಲ. ಕನ್ನಡದಾಗ ಬರಿಸಿದ ಆಟೋ ಕಾಚಿಗೂಡ ಸ್ಟ್ಯಾಂಡಿನಾಗ ಎಷ್ಟಿರತಾವ? ಅಪ್ಪ ಹೇಳಿದ: "ನಾಳೆ ಡ್ಯೂಟಿ ಮುಗಿಸಿ ಅವನ್ನ ಹಿಡೀತೀನಿ. ಹಂಗಾ ಪೊಲೀಸ್ ಸ್ಟೇಷನ್ನಿಗೆ ಹೋಗ್ತೀನಿ. ನೀ ಇಂಗ್ಲಿಷ್ ಚಂದ ಬರೀತಿ, ಕಂಪ್ಲೇಂಟ್ ಬರ್ಕೊಡು."

ಬರದೆ. ನನ್ನ ಕೈಲೆ. ಒಂದು ಪೂರಾ ಹಾಳಿ. ಗುಟ್ಕಾನೂ ಹಾಕಿದೆ, ಫೋನೂ ಹಾಕಿದೆ. ಕೆಳಗ ಸಾಕ್ಷಿ ಅಂತ ಸಹಿ ಮಾಡಿದೆ. ಅಪ್ಪ ಅದನ್ನ ಎರಡು ಸಲ ಓದಿ ಮಡಚಿ ಕಿಸೆದಾಗ ಇಟ್ಕೊಂಡ. ತನ್ನ ಅಳತಿಗೆ ಒಮ್ಮೆನೂ ತಪ್ಪದ ಮನಷ್ಯಾ, ನನ್ನ ಅಳೀಲಿಲ್ಲ. ಮಗ ಅಂತ ನಂಬಿದ.

ಮಂಗಳವಾರ ಮಧ್ಯಾಹ್ನ ಮನ್ಯಾಗ ನಾನು, ಅಜ್ಜಿ ಇಬ್ರಾ. ಆಕಿಗೆ ಎಡಗೈಲೆ ತಿನ್ನಾಕ ಬರ್ತಿರಲಿಲ್ಲ, ನಾ ರೊಟ್ಟಿ ಹಾಲಿನಾಗ ಕಿವಿಚಿ ತಿನ್ನಸಾಕತ್ತಿದ್ದೆ.

"ನಿಮ್ಮ ತಾತನೂ ಹಿಟ್ಟಿನ ವಾಸನಿ ಅಂತಿದ್ದ" ಅಂದ್ಲು.

ಕೈ ಅಲ್ಲೇ ನಿಂತಿತು.

"ಗೊತ್ತಿದ್ದೂ ಯಾಕ ಗಾಡಿ ಹತ್ತಿದಿಬೇ?"

"ಬ್ಯಾಡ ಅಂದಿದ್ರ ನಾಕು ಮಂದ್ಯಾಗ ನಿಂಗ ಅವಮಾನ ಆಗ್ತಿತ್ತಲ್ಲೋ. ಅದು ನನ್ನ ತಪ್ಪು, ಅದಕ್ಕ ನನ್ನ ಕೈ ಹೋತು. ಆ ಯಾದಗಿರಿಯಾಂವ ಏನ್ ತಪ್ಪು ಮಾಡ್ಯಾನ? ನನ್ನ ಎತ್ಕೊಂಡು ಹೋದಾಂವ. ನಿನ್ನ ಸಲುವಾಗಿ ನನ್ನ ಮಗನ ಮುಂದ ಸುಳ್ಳಾಡೀನಿ. ಇನ್ನೊಮ್ಮೆ ಆಡಸ್ಬ್ಯಾಡ."

"ಹೇಳ್ತೀನಿ ಅಜ್ಜಿ. ಅಪ್ಪ ಬರಲಿ, ಬಂದ ಕೂಡಲೇ ಹೇಳ್ತೀನಿ."

ಫೋನ್ ಹಚ್ಚಬಹುದಿತ್ತು. ಅಪ್ಪ ಸ್ಟ್ಯಾಂಡಿಗೆ ಹೋಗೂಕಿಂತ ಮೊದಲ ಹೇಳಬೇಕು ಅನ್ನೋದು ಗೊತ್ತಿತ್ತು. ಫೋನ್ ಕೈಯಾಗ ಹಿಡ್ಕೊಂಡೆ. ಏನಂತ ಶುರು ಮಾಡ್ಲಿ ಅಂತ ಬಾಯಾಗ ಹತ್ತು ಸಲ ಹೊಳ್ಳ್ಯಾಡಿಸಿದೆ. ನೀವು ನಗಬ್ಯಾಡ್ರಿ, ಆ ಹತ್ತೂ ಸಲ ತಪ್ಪು ದೋಸ್ತಂದು ಆಗಿ ಬರ್ತಿತ್ತು.

ಅಷ್ಟರಾಗ ಅಪ್ಪನ ತಂಗಿ, ಆಕಿ ಗಂಡ, ಮೂರು ಮಕ್ಕಳು ಬಂದ್ರು. ಬಾಳಿಹಣ್ಣು. ಬ್ರೆಡ್. "ಹೆಂಗಾತೋ ಅಳಿಯಾ? ಎಮ್ಮಿ ಅಂತಲ್ಲ, ಆಟೋ ಅಂತಲ್ಲ? ಹೇಳು ಹೇಳು!"

ಅಜ್ಜಿ ನನ್ನ ಮಾರೀನಾ ನೋಡಾಕತ್ತಿದ್ಲು.

"ಏನಿಲ್ಲ ಅತ್ತಿ" ಅಂದೆ. ಸಣ್ಣ ಹುಡುಗಿ ನನ್ನ ಕೈ ಜಗ್ಗಿ, "ಎಮ್ಮಿ ಲೈಸೆನ್ಸ್ ಕೇಳ್ತಂತ, ಖರೇನಾ?" ಅಂತು. ಎಲ್ಲಾರೂ ನಕ್ಕರು. ಆ ನಗಿ ನಂಗ ಹೆಂಗಂದ್ರ, ನಾಲ್ಕು ಎಲಿ ಶೇಂದಿ ಅದರ ಮುಂದ ಏನೂ ಅಲ್ಲ. ಎದ್ದು ನಿಂತೆ. ಎಮ್ಮಿ ಆದೆ. ಡ್ರೈವರ್ ಆದೆ. ಗುಟ್ಕಾ ಉಬ್ಬಿಸಿ, ಇಲ್ಲದ ಕನ್ನಡಿ ಮುಂದ ಇಲ್ಲದ ಬಾಚಣಿಕಿ ಹಿಡ್ಕೊಂಡು ಕ್ರಾಪ್ ತಿದ್ದಾಕತ್ತಿದ್ದೆ. ಮಕ್ಕಳು ನೆಲದ ಮ್ಯಾಲೆ ಉರುಳ್ಯಾಡಾಕತ್ತಿದ್ದವು.

ಅಪ್ಪ ಒಳಗ ಬಂದ.

ನಾ ಅವನ್ನ ನೋಡಿದ್ದು ತಡಾಗಿ. ಅಷ್ಟೊತ್ತಿಗೆ ಅಂವಾ ಬಾಗಿಲದಾಗ ಎಷ್ಟೊತ್ತು ನಿಂತಿದ್ನೋ ಏನೋ. ಟಿಫಿನ್ ಡಬ್ಬಿ ಕೆಳಗಿಟ್ಟ.

"ಅವನ ಕೊಳ್ಳಪಟ್ಟಿ ಹಿಡದು ಕಪಾಳಕ್ಕ ಹೊಡದೆ" ಅಂದ. "ಎಲ್ಲಾ ಡ್ರೈವರ್ ಮಂದಿ ಮುಂದ. ಅಂವಾ ಕೈ ಎತ್ತಲಿಲ್ಲ. ಅವ್ವಾರ ಕೈ ಹೆಂಗೈತ್ರಿ ಅಂತ ಕೇಳಿದ. ಗುದ್ದಿ ಓಡಿ ಹೋದಾಂವಗ ಕೈ ಮುರದಿದ್ದು ಹೆಂಗ ಗೊತ್ತಾತಲೇ ಅಂದೆ. ಮಗನ್ನ ಕೇಳ್ರಿ ಸಾಹೇಬ್ರ ಅಂದ. ಇನ್ನೇನೂ ಹೇಳ್ಲಿಲ್ಲ. ನಾ ಪೊಲೀಸ್ ಸ್ಟೇಷನ್ನಿಗೆ ಹೋಗದಾ ಸೀದಾ ಮನಿಗೆ ಬಂದೆ."

ಕೈ ಇನ್ನೂ ಗಾಳ್ಯಾಗ ಇತ್ತು ನಂದು. ಕೆಳಗ ಇಳಿಸಿದೆ.

"ಕುಡದಿದ್ದೆ ಅಪ್ಪಾ" ಅಂದೆ. "ಅಡ್ಡ ಏನೂ ಬಂದಿರಲಿಲ್ಲ."

ಅಪ್ಪ ಹೊಡೀತಾನ ಅಂತ ಕಣ್ಣು ಮುಚ್ಚಿದೆ. ಹೊಡೀಲಿಲ್ಲ. ತನ್ನ ಬಲಗೈ ಅಂಗೈ ನೋಡ್ಕೊಂಡ, ಅದನ್ನ ಪ್ಯಾಂಟಿಗೆ ವರಸಿಕೊಂಡ.

"ಚಪ್ಪಲ್ ಹಾಕ್ಕೊ" ಅಂದ. "ಅಂವಾ ಇನ್ನಾ ಸ್ಟ್ಯಾಂಡಿನಾಗಾ ಇದ್ದಾನ."