ಕಂಪ್ಯೂಟರಿಗೆ ಸಿಗಿಸಿದ ಟಿವಿ

ತೊಂಬತ್ತರ ದಶಕ ಇನ್ನೇನು ಮುಗಿಯುತ್ತಿತ್ತು. ಪಾಂಡವಪುರದ ನಮ್ಮ ಮನೆಯ ಟಿವಿ ಒಂದು ಮಧ್ಯಾಹ್ನ ವೋಲ್ಟೇಜು ಏರಿ ಸುಟ್ಟುಹೋಯಿತು. ಹೊಸದು ಬರುತ್ತದೆಂದು ಅತ್ತೆಯೂ ನಾನೂ ಕಾದಿದ್ದರೆ, ಬೆಂಗಳೂರಿಗೆ ಹೋಗಿದ್ದ ನನ್ನ ಗಂಡ ಅಂಗೈ ಅಗಲದ ಹಸಿರು ಕಾರ್ಡೊಂದನ್ನು ಹಿಡಿದು ಬಂದರು.

“ಇದ ಕಂಪ್ಯೂಟ್ರೊಳಿಕ್ಕೆ ಸಿಗಿಸ್ಬುಟ್ರೆ ಅದೇ ಟಿವಿ ಆಯ್ತದಂತೆ ಕಣಮ್ಮಿ!”

“ನಮ್ದ್ರಲ್ಲಿರೋದು ಲಿನಕ್ಸು ಅಂತ ಅಂಗಡಿಯೋನಿಗೆ ಹೇಳಿದ್ರಾ?”

“ಎಲ್ಲಾದ್ಕೂ ಆಯ್ತದೆ ಅಂದ.”

ನಾನು ಊರಿನ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಕಲಿಯೋಣವೆಂದು ಮನೆಯ ಕಂಪ್ಯೂಟರಿಗೆ, ಎಲ್ಲರೂ ಬಳಸುವ ವ್ಯವಸ್ಥೆಯ ಬದಲು, ಪತ್ರಿಕೆಯೊಂದರ ಜೊತೆ ಬಂದ ಸಿಡಿಯಿಂದ ಲಿನಕ್ಸ್ ಹಾಕಿಕೊಂಡಿದ್ದೆ. ಕಾರ್ಡಿನ ಡಬ್ಬಿಯಲ್ಲಿದ್ದ ಸಿಡಿ ಅದಕ್ಕೆ ಆಗುವಂಥದ್ದಲ್ಲ. ಕಾರ್ಡನ್ನು ಕಂಪ್ಯೂಟರಿಗೆ ಪರಿಚಯಿಸುವ ಡ್ರೈವರನ್ನು ಇಂಟರ್ನೆಟ್ಟಿನಿಂದಲೇ ಇಳಿಸಿಕೊಳ್ಳಬೇಕು; ಇಂಟರ್ನೆಟ್ಟಿಗೆ ಮೈಸೂರಿಗೇ ಹೋಗಬೇಕು. ಭಾನುವಾರ ಬ್ರೌಸಿಂಗ್ ಸೆಂಟರಿನಲ್ಲಿ ಕೂತು, ಫ್ಲಾಪಿಗೆ ತುಂಬಿಕೊಂಡು, ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಿಸಿ ಮನೆಗೆ ಬಂದು ಹಾಕಿದರೆ, ಫ್ಲಾಪಿ ತೆರೆಯಲೇ ಇಲ್ಲ. ಮುಂದಿನ ಭಾನುವಾರ ಮತ್ತೆ ಅದೇ ಬಸ್ಸು, ಅದೇ ನೂಕುನುಗ್ಗಲು.

ಈ ಸಲ ಡ್ರೈವರ್ ಕೂತಿತು. ಪರದೆಯ ಮೇಲೊಂದು ಚೌಕ ಮೂಡಿ, ಅದರೊಳಗೆ ಕಪ್ಪು ಬಿಳುಪು ಚುಕ್ಕೆಗಳು ಸುರಿಯತೊಡಗಿದವು.

“ರಾಗಿ ಸುರ್ದಂಗೈತೆ. ಮೊಖ ಎಲ್ಲವ್ವ?” ಎಂದರು ಅತ್ತೆ.

“ಆಂಟೆನಾದ್ದೇ ತೊಂದ್ರೆ,” ಎಂದು ತೀರ್ಪು ಕೊಟ್ಟು ಗಂಡ ತಾರಸಿ ಹತ್ತಿದರು. ಉರಿಬಿಸಿಲು. ಅವರು ಮೇಲಿಂದ “ಬಂತಾ?” ಎನ್ನುವುದು, ಅತ್ತೆ ಬಾಗಿಲಲ್ಲಿ ನಿಂತು “ಇಲ್ಲ ಕಣ್ಲಾ!” ಎನ್ನುವುದು. ಅವರು ಕೂಗಿದಾಗಲೆಲ್ಲ ನಾನು ಓದುತ್ತಿದ್ದ ಸಾಲು ತಪ್ಪುತ್ತಿತ್ತು. ಕೊನೆಗೆ ಡ್ರೈವರಿನ ಜೊತೆ ಬಂದಿದ್ದ ಸೂಚನೆಗಳಲ್ಲಿ ಒಂದು ಕಡೆ, ಅಮೆರಿಕದ ಟಿವಿ ಪ್ರಸಾರದ ರೀತಿಯೇ ಬೇರೆ, ನಮ್ಮಂಥ ದೇಶಗಳದ್ದೇ ಬೇರೆ ಎಂಬ ಮಾತು ಕಣ್ಣಿಗೆ ಬಿತ್ತು. ನೋಡಿದರೆ, ಈ ಹಾಳು ಕಾರ್ಡು ಇಷ್ಟು ಹೊತ್ತೂ ತಾನು ಅಮೆರಿಕದಲ್ಲಿದ್ದೇನೆಂದೇ ತಿಳಿದುಕೊಂಡಿತ್ತು! ಹಲ್ಲು ಕಚ್ಚಿಕೊಂಡು ಆ ಸೆಟ್ಟಿಂಗ್ ಬದಲಿಸಿ ಚಾನಲ್ ಹುಡುಕಿದೆ. ವಾರ್ತೆ ಓದುವ ಹೆಣ್ಣುಮಗಳು ನೀಲಿ ಸೀರೆಯಲ್ಲಿ ಸ್ಪಷ್ಟವಾಗಿ ಕಂಡಳು.

“ಬಂತು ಕಣ್ಲಾ, ಅಲ್ಲಾಡಿಸ್ಬ್ಯಾಡ!” ಅತ್ತೆ ಕೂಗಿದರು.

ಗಂಡ ಬೆವರೊರೆಸುತ್ತಾ ಇಳಿದು ಬಂದರು. “ನಾ ಯೋಳ್ನಿಲ್ವಾ? ಒಸಿ ಮೈಸೂರ್ ಕಡೀಕೆ ತಿರುಗಿಸ್ದೆ ನೋಡು.”

ನನಗೆ ಮೈಯೆಲ್ಲಾ ಉರಿಯಿತು. ಆದರೆ ಜಗಳಕ್ಕೆ ಪುರುಸೊತ್ತಿರಲಿಲ್ಲ. ಆ ಹೆಣ್ಣುಮಗಳ ತುಟಿ ಅಲ್ಲಾಡುತ್ತಿತ್ತು, ದನಿಯಿರಲಿಲ್ಲ. ಕಂಪ್ಯೂಟರಿನ ಹಿಂದಕ್ಕೆ ಬಗ್ಗಿ ನೋಡಿದೆ. ಕಾರ್ಡು ಸಿಗಿಸುವಾಗ ಅದರ ದನಿಯ ವೈರನ್ನು ನನ್ನ ಗಂಡ ಪಕ್ಕದ ತೂತಿಗೆ ಚುಚ್ಚಿದ್ದರು. ಸರಿಯಾದ ಕಡೆ ಸಿಗಿಸಿದ ಕೂಡಲೇ ವಾರ್ತೆ ಮನೆ ತುಂಬ ಗುಡುಗಿತು.

ಅಂತೂ ಟಿವಿ ಬಂತು. ಆದರೆ ಹಾಕಬೇಕಾದರೂ, ಚಾನಲ್ ಬದಲಿಸಬೇಕಾದರೂ ಕೀಬೋರ್ಡಿನಲ್ಲಿ ಕಮ್ಯಾಂಡು ಟೈಪ್ ಮಾಡಬೇಕಿತ್ತು. ಗಂಡನಿಗೆ ಕಲಿಸಹೋದರೆ “ನಿಂಗೇ ಸಲೀಸು ಬುಡು” ಎಂದುಬಿಟ್ಟರು. ಒಲೆಯ ಮೇಲೆ ಒಗ್ಗರಣೆ ಕಾಯುವ ಹೊತ್ತಿಗೇ ಅತ್ತೆ ನಡುಮನೆಯಿಂದ “ಚಾನಲ್ ತಿರುಗ್ಸವ್ವ” ಎನ್ನುತ್ತಿದ್ದರು. ನಾನು ಟೈಪ್ ಮಾಡಿ ಬರುವಷ್ಟರಲ್ಲಿ ಸಾಸಿವೆ ಕರಕಲಾಗಿರುತ್ತಿತ್ತು.